ತುಂಗನಾಥದಲ್ಲಿ 40 ರೂಪಾಯಿ ಟೀ

ಮೊನ್ನೆ ನಮ್ಮ ಪ್ರವಾಸದ ವಾಟ್ಸಾಪ್ ಗುಂಪಿಗೆ ಒಂದು ಮೆಸೇಜು ಬಂತು. ಹಿಮಾಲಯಕ್ಕೆ ಹೋಗುವವರಿಗೆ ಎಚ್ಚರಿಕೆ ಅಂತ ಶುರು. ಕುದುರೆಯವರು ಹೀಗೆ, ರೂಮಿನವರು ಹಾಗೆ, ಕೊನೆಗೆ "ತುಂಗನಾಥದಲ್ಲಿ ಟೀಗೆ 40 ರೂಪಾಯಿ, ಹಗಲು ದರೋಡೆ". ಕಳಿಸಿದ್ದು ನಮ್ಮ ಜೊತೆ ಬಂದಿದ್ದ ಮೈಸೂರಿನ ಒಬ್ಬರು. ಹೆಸರು ಬೇಡ. ಓದಿದಾಗಿನಿಂದ ನನಗೆ ಒಂಥರಾ ಕಿರಿಕಿರಿ.

ಮನುಷ್ಯ ಕೆಟ್ಟವರೇನಲ್ಲ. ಉತ್ತರಾಖಂಡದ ಚೋಪ್ತಾದಲ್ಲಿ ಬೆಳಗಿನ ಜಾವ ಅಪ್ಪ ನಡುಗುವುದು ನೋಡಿ ತಮ್ಮ ಉಣ್ಣೆ ಗ್ಲೌಸು ಬಿಚ್ಚಿ ಕೊಟ್ಟವರು ಅವರೇ. ಆದರೆ ದುಡ್ಡಿನ ಮಾತು ಬಂದರೆ ಊರೆಲ್ಲ ತಮಗೆ ಟೋಪಿ ಹಾಕಲು ಕಾದಿದೆ ಅನ್ನೋ ಗುಮಾನಿ. ಅಂಥವರ ಜೊತೆ ಪ್ರವಾಸ ಹೋಗೋದು ಕಷ್ಟ ಕಣ್ರೀ.

ಚೋಪ್ತಾದಿಂದ ತುಂಗನಾಥಕ್ಕೆ ಸುಮಾರು ಮೂರೂವರೆ ಕಿಲೋಮೀಟರ್. ಕಲ್ಲು ಹಾಸಿದ ದಾರಿ, ಪೂರ್ತಿ ಏರು. ಪಂಚ ಕೇದಾರ ಅನ್ನೋ ಐದು ಶಿವ ದೇವಸ್ಥಾನಗಳಲ್ಲಿ ಎಲ್ಲಕ್ಕಿಂತ ಎತ್ತರದ ದೇವಸ್ಥಾನ ಇದು, 3,680 ಮೀಟರ್. ಕೇದಾರನಾಥದ ರಾವಲರು, ಅಂದರೆ ಮುಖ್ಯ ಅರ್ಚಕರು, ನಮ್ಮ ಕರ್ನಾಟಕದ ವೀರಶೈವರು ಅಲ್ವಾ, ಹಾಗಾಗಿ ಇಲ್ಲೂ ಕನ್ನಡದವರು ಸಿಗ್ತಾರೆ ಅಂತ ಅಪ್ಪ ದಾರಿಯುದ್ದಕ್ಕೂ ಕಾದಿದ್ದರು. ಸಿಗಲಿಲ್ಲ. ಇಲ್ಲಿ ಪೂಜೆ ಮಕ್ಕು ಅನ್ನೋ ಊರಿನ ಅರ್ಚಕರದು. ಅಪ್ಪನಿಗೆ ಸ್ವಲ್ಪ ಬೇಜಾರಾಯಿತು.

ಅಲ್ಲಿಂದ ಇನ್ನೂ ಮೇಲೆ, ಸುಮಾರು 4,000 ಮೀಟರಿನಲ್ಲಿ, ಚಂದ್ರಶಿಲಾ ತುದಿ. ಚೌಖಂಬಾ, ನಂದಾದೇವಿ, ತ್ರಿಶೂಲ್ ಶಿಖರಗಳೆಲ್ಲ ಕಾಣಿಸಿದವು. ಎಲ್ಲರೂ ಹೇಳುವಷ್ಟೇ ಚೆನ್ನಾಗಿವೆ, ಫೋಟೋ ನೋಡಿದವರಿಗೆ ನಾನು ಹೊಸದಾಗಿ ಹೇಳೋದು ಏನಿಲ್ಲ. ಗಾಳಿ ಮಾತ್ರ ಫೋಟೋದಲ್ಲಿ ಬರೋದಿಲ್ಲ. ಇಳಿಜಾರು ಹತ್ತಿ ಬಂದ ಗಾಳಿಗೆ ತುದಿಯಲ್ಲಿ ತಡೆ ಅಂತ ಏನೂ ಇಲ್ಲ, ಅಲ್ಲಿ ಅದರ ವೇಗ ಇನ್ನೂ ಜಾಸ್ತಿ. ಟೋಪಿ ಹಿಡಿದರೆ ಶಾಲು ಹಾರುತ್ತೆ, ಶಾಲು ಹಿಡಿದರೆ ಕಣ್ಣಲ್ಲಿ ನೀರು. ಪಕ್ಕದಲ್ಲಿ ನಿಂತವರ ಮಾತೂ ಕೇಳಿಸಲ್ಲ. ಅಪ್ಪ ನನ್ನ ಕಿವಿಗೆ ಬಾಯಿ ಇಟ್ಟು ಕೂಗಿದ್ದು ಇಷ್ಟು: "ಈ ಗಾಳಿ ನಮ್ ಗದ್ದೆ ಮ್ಯಾಕೆ ಬಂದಿದ್ರೆ ಒಂದ್ ಕಬ್ಬೂ ನಿಂತಿರ್ತಿರ್ಲಿಲ್ಲ ಕಣ್ಲಾ!" ಹಿಮಾಲಯದ ನೆತ್ತಿ ಮೇಲೆ ನಿಂತರೂ ಮಂಡ್ಯದವನ ತಲೆಯಲ್ಲಿ ಕಬ್ಬೇ.

ಇಳಿದು ಬಂದು ದೇವಸ್ಥಾನದ ಕೆಳಗಿನ ಟೀ ಅಂಗಡಿಗೆ ನುಗ್ಗಿದೆವು. ಕೈಬೆರಳು ಮಡಚಲು ಆಗುತ್ತಿರಲಿಲ್ಲ. ಅವತ್ತು ಎಲ್ಲರ ಟೀ ಖರ್ಚು ಮೈಸೂರಿನವರ ಸರದಿ. ಟೀ ಬರೋದು ತಡವಾಯಿತು. ಆ ಎತ್ತರದಲ್ಲಿ ನೀರು 88 ಡಿಗ್ರಿ ಹತ್ತಿರಕ್ಕೇ ಕುದಿಯುತ್ತೆ, ಸೊಪ್ಪಿನ ಬಣ್ಣ ಬಿಡೋಕೆ ಹೊತ್ತು ಬೇಕು, ಗ್ಯಾಸೂ ಜಾಸ್ತಿ. ಕುಡಿದಾದ ಮೇಲೆ ಮೈಸೂರಿನವರು ಲೋಟ ಕೆಳಗಿಟ್ಟು ಶುರು ಮಾಡಿದರು. 40 ಯಾಕೆ, ಕೆಳಗೆ 15 ಅಲ್ವಾ, ಟೂರಿಸ್ಟು ಅಂದರೆ ಸುಲಿಯೋದಾ. ಅಂಗಡಿಯವನು ಜಗಳಕ್ಕೆ ಬರಲಿಲ್ಲ. ಒಲೆ ಕಡೆಗೇ ನೋಡುತ್ತಾ ಹಿಂದಿಯಲ್ಲಿ ಹೇಳಿದ: "ನೀರು ಬಿಟ್ಟರೆ ಇಲ್ಲಿರೋದೆಲ್ಲ ಕೆಳಗಿಂದ ಬಂದಿದ್ದು ಸಾಬ್. ನಾನೂ."

ಆ "ನಾನೂ" ಅಂದದ್ದು ನನ್ನನ್ನು ಬಿಟ್ಟಿಲ್ಲ. ಬಸ್ಸಿನಲ್ಲಿ, ರೈಲಿನಲ್ಲಿ, ಈಗ ಮನೆಯಲ್ಲಿ ಹಲ್ಲುಜ್ಜುವಾಗಲೂ ನೆನಪಾಗುತ್ತೆ. ಹಾಲಿನ ಪುಡಿ, ಸಕ್ಕರೆ, ಸಿಲಿಂಡರ್ ಎಲ್ಲ ಹೇಸರಗತ್ತೆ ಬೆನ್ನ ಮೇಲೆ. ಚಳಿಗಾಲಕ್ಕೆ ದೇವಸ್ಥಾನದ ಬಾಗಿಲು ಹಾಕಿ ತುಂಗನಾಥನ ಉತ್ಸವಮೂರ್ತಿಯನ್ನೇ ಮಕ್ಕುಮಠಕ್ಕೆ ಇಳಿಸುತ್ತಾರೆ. ದೇವರು ಇಳಿದ ಮೇಲೆ ಇವನಿಗೆ ಗಿರಾಕಿ ಎಲ್ಲಿ? ವರ್ಷದ ಗಂಜಿ ಆ ಕೆಲವು ತಿಂಗಳಲ್ಲೇ ಹುಟ್ಟಬೇಕು.

ಏನಂದ ಅಂತ ಅಪ್ಪ ಕೇಳಿದರು, ಹೇಳಿದೆ. ಅಪ್ಪ ಮೈಸೂರಿನವರಿಗೆ, "ಕೊಟ್ಬುಡಿ ಸ್ವಾಮಿ, ಹೊತ್ಕಂಡ್ ಬಂದವ್ನೆ" ಅಂದರು. ಅವರು ಕೊಟ್ಟರು, ಗೊಣಗಿಕೊಂಡೇ.

ಅಪ್ಪ ಹಾಗೆ ಅಂದದ್ದು ಸುಮ್ನೆ ಅಲ್ಲ. ಹೊರುವ ಲೆಕ್ಕ ಕಬ್ಬಿನವರಿಗೆ ಚೆನ್ನಾಗಿ ಗೊತ್ತು. 2025-26ರ ಹಂಗಾಮಿಗೆ ಕಬ್ಬಿಗೆ ಕೇಂದ್ರ ನಿಗದಿ ಮಾಡಿದ ಕನಿಷ್ಠ ಬೆಲೆ, ಅಂದರೆ ಎಫ್‌ಆರ್‌ಪಿ ಕ್ವಿಂಟಾಲಿಗೆ 355 ರೂಪಾಯಿ, ಅದೂ ಸಕ್ಕರೆ ಇಳುವರಿ ಶೇ. 10.25 ಇದ್ದರೆ. ಪೇಪರಿನಲ್ಲಿ ಓದುವವರಿಗೆ ಅಷ್ಟೂ ರೈತನ ಜೇಬಿಗೆ ಹೋದ ಹಾಗೆ ಕಾಣುತ್ತೆ. ಅದು ಕಾರ್ಖಾನೆ ಗೇಟಿನ ಬೆಲೆ. ಕಡಿಯುವ ಕೂಲಿ, ಸಾಗಿಸುವ ಬಾಡಿಗೆ ಅದರಲ್ಲೇ ಮುರಿದುಕೊಳ್ಳುತ್ತಾರೆ. ಗದ್ದೆಯಿಂದ ಗೇಟಿನವರೆಗಿನ ದಾರಿಗೆ ದುಡ್ಡು ಕೊಡೋದು ಬೆಳೆದವನೇ. ಟೀ ಅಂಗಡಿಯವನಾದರೂ ಆ ದಾರಿಯ ಖರ್ಚನ್ನು ಲೋಟದ ಮೇಲೆ ಹಾಕಬಹುದು. ನಮಗೆ ಅದೂ ಇಲ್ಲ. ಮಾಲಿನಲ್ಲಿ ಕಾಫಿಗೆ 200 ಕೇಳಿದರೆ ತೆಪ್ಪಗೆ ಸ್ಕ್ಯಾನ್ ಮಾಡುವವರು, ಬೆಟ್ಟದ ಮೇಲಕ್ಕೆ ಹೊರಿಸಿ ತಂದವನನ್ನು ಕಂಡರೆ ಯಾಕೆ ಚೌಕಾಸಿಗೆ ಇಳಿಯುತ್ತಾರೋ. ಬಹುಶಃ ಅವನು ಎದುರಿಗೇ ಇರ್ತಾನೆ, ಅದಕ್ಕೆ.

ಇಷ್ಟೆಲ್ಲ ಯೋಚನೆ ಮಾಡಿ ಅಪ್ಪನ ಬಗ್ಗೆ ಹೆಮ್ಮೆಪಟ್ಟುಕೊಂಡು ನಿನ್ನೆ ಗದ್ದೆಗೆ ಹೋದೆ. ಕಟಾವಿನ ಗ್ಯಾಂಗು ಬಂದಿತ್ತು. ಲಾರಿ ಬದುವಿನವರೆಗೂ ಬರೋದಿಲ್ಲ, ರಸ್ತೆವರೆಗೆ ತಲೆ ಮೇಲೆ ಹೊರಬೇಕು, ಟನ್ನಿಗೆ ಒಂದಿಷ್ಟು ಜಾಸ್ತಿ ಕೊಡಿ ಅಂತ ಮೇಸ್ತ್ರಿ ಕೇಳುತ್ತಿದ್ದ. ಅಪ್ಪ ಒಂದು ರೂಪಾಯಿಗೂ ಬಗ್ಗುತ್ತಿಲ್ಲ. "ಇಷ್ಟ್ ದೂರ ಹೊರಕೆ ಅಷ್ಟ್ಯಾಕ್ಲಾ?" ಅಂತ ದಬಾಯಿಸುತ್ತಿದ್ದಾರೆ. ನಾನು ಪಕ್ಕಕ್ಕೆ ಕರೆದು ತುಂಗನಾಥದ ಟೀ ನೆನಪು ಮಾಡಿದೆ.

ಅಪ್ಪ ನನ್ನನ್ನೇ ದಡ್ಡನ ಥರ ನೋಡಿದರು. "ಅಲ್ಲಿ ನನ್ ದುಡ್ಡೇನ್ಲಾ ಹೋಗಿದ್ದು? ಅವ್ರುದಲ್ವಾ?"