ಹಂಚಿನ ಊರಿನಲ್ಲಿ ಒಂದು ದಿನ

ಡಿಸೆಂಬರ್ 14, 2024, ಶನಿವಾರ
ಮಂಗಳೂರು

ಬೆಳಿಗ್ಗೆ ಏಳೂವರೆಗೆ ಕದ್ರಿ ದೇವಸ್ಥಾನದ ಎದುರು ನಾವು ಹನ್ನೊಂದು ಮಂದಿ ಸೇರಿದೆವು. ಊರು ತೋರಿಸಲು ಬಂದವರು ನಿವೃತ್ತ ಅಧ್ಯಾಪಕರು. ಮನೆಮಾತು ತುಳು, ನಮ್ಮೊಡನೆ ಆಡಿದ್ದು ಒಂದಕ್ಷರವೂ ನುಂಗದ ಮಂಗಳೂರು ಕನ್ನಡ. ತೀರ್ಥಹಳ್ಳಿಯ ಕಡೆಯವರಾದ ನನಗೂ ಅಮ್ಮನಿಗೂ ಈ ಊರೆಂದರೆ ಇದುವರೆಗೆ ಆಸ್ಪತ್ರೆ ಮತ್ತು ಬಸ್ ನಿಲ್ದಾಣವಷ್ಟೇ ಆಗಿತ್ತು. ಅಲೆದಾಡಿ ನೋಡಿದ್ದು ಇದೇ ಮೊದಲು.

ಕದ್ರಿಯಲ್ಲಿ ಮಂಜುನಾಥನ ದರ್ಶನ ಮುಗಿಸಿ ಲೋಕೇಶ್ವರನ ಕಂಚಿನ ವಿಗ್ರಹದ ಮುಂದೆ ಬಹಳ ಹೊತ್ತು ನಿಂತೆವು. ಮೂರು ಮುಖ, ಆರು ಕೈ. ಆಳುಪ ದೊರೆ ಕುಂದವರ್ಮ ಇದನ್ನು 968ರಲ್ಲಿ ಪ್ರತಿಷ್ಠಾಪಿಸಿದನೆಂದು ಪೀಠದ ಶಾಸನ ಹೇಳುತ್ತದೆ. ಬೌದ್ಧರ ಅವಲೋಕಿತೇಶ್ವರನ ಲಕ್ಷಣಗಳನ್ನು ವಿದ್ವಾಂಸರು ಇದರಲ್ಲಿ ಗುರುತಿಸಿದ್ದಾರೆ. ನಾಥಪಂಥದ ಜೋಗಿಗಳ ಮಠವೂ ಇದೇ ಗುಡ್ಡದಲ್ಲಿದೆ. ಸಾವಿರ ವರ್ಷ ದಾಟಿದ ಆ ಕಂಚಿಗೆ ಇಂದಿಗೂ ಹೂವೇರುತ್ತಿರುವುದನ್ನು ಕಂಡು ಅಮ್ಮ ಕೈಮುಗಿದು ಸುಮ್ಮನೆ ನಿಂತುಬಿಟ್ಟರು.

ಅಲ್ಲಿಂದ ಬಲ್ಮಠ. ಮುದ್ರಣಾಲಯದಲ್ಲಿ ಕರಡು ತಿದ್ದಿ ಬದುಕುವ ನನಗೆ ಇದು ಯಾತ್ರಾಸ್ಥಳವೇ ಸರಿ. 1834ರಲ್ಲಿ ಬಂದಿಳಿದ ಬಾಸೆಲ್ ಮಿಶನ್ ಎಂಬ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯವರು 1841ರಲ್ಲಿ ಇಲ್ಲಿ ಅಚ್ಚುಕೂಟ ತೆರೆದರು. ಹರ್ಮನ್ ಮೋಗ್ಲಿಂಗ್ ಅವರ ‘ಮಂಗಳೂರ ಸಮಾಚಾರ’, ಕನ್ನಡದ ಮೊದಲ ಪತ್ರಿಕೆ, 1843ರ ಜುಲೈ 1ರಂದು ಹೊರಬಂದದ್ದು ಕಲ್ಲಚ್ಚಿನಲ್ಲಿ. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಅಕ್ಷರಗಳನ್ನು ಕನ್ನಡಿಯಲ್ಲಿ ಕಾಣುವಂತೆ ತಿರುಗುಮುರುಗಾಗಿ ಮೂಡಿಸಿ, ಕಲ್ಲನ್ನು ಒದ್ದೆ ಮಾಡಿ ಮಸಿಯ ಉರುಳೆ ಹಾಯಿಸಿದರೆ, ನೀರು ಹಿಡಿದ ಕಡೆ ಮಸಿ ನಿಲ್ಲುವುದಿಲ್ಲ, ಜಿಡ್ಡಿನ ಗೆರೆಗಷ್ಟೇ ಅಂಟುತ್ತದೆ. ಹಾಗಾಗಿ ಅಂಥ ಪುಟದಲ್ಲಿ ಬರೆದವರ ಕೈಯ ಬಳುಕು ಹಾಗೆಯೇ ಉಳಿಯುತ್ತದೆ. ಸುಮಾರು 70,000 ಪದಗಳ ಕಿಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದೂ ಮಂಗಳೂರಿನಲ್ಲೇ. ನನ್ನ ಮೇಜಿನ ಮೇಲೆ ಅದರ ಮರುಮುದ್ರಣವಿದೆ. ಅದನ್ನು ತೆರೆಯದ ಕೆಲಸದ ದಿನವಿಲ್ಲ.

ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್‌ಗೆ ಇಟ್ಟಿದ್ದು ಇಪ್ಪತ್ತೇ ನಿಮಿಷ, ಏನೇನೂ ಸಾಲದು. ಇಟಲಿಯ ಅಂತೋನಿಯೊ ಮೊಸ್ಕೆನಿ 1899ರಿಂದ ಸುಮಾರು ಎರಡು ವರ್ಷ ಇಲ್ಲಿದ್ದು ಗೋಡೆ, ಛಾವಣಿಗಳನ್ನೆಲ್ಲ ಚಿತ್ರದಿಂದ ತುಂಬಿದರು. ಹಸಿ ಗಾರೆ ಒಣಗುವುದರೊಳಗೆ ಬಣ್ಣ ಹಾಕಿ ಮುಗಿಸಬೇಕಾದ ಕೆಲಸವದು. ತಪ್ಪಿದರೆ ಗಾರೆಯನ್ನೇ ಕೆತ್ತಿ ತೆಗೆಯಬೇಕು. ಕತ್ತೆತ್ತಿ ನೋಡಿ ನೋಡಿ ಕುತ್ತಿಗೆ ನೋಯುವ ಹೊತ್ತಿಗೆ ಹೊರಡುವ ಕರೆ ಬಂತು. ಈ ಊರಿಗೆ ಬರುವವರು ಉಳಿದದ್ದೆಲ್ಲ ಬಿಟ್ಟಾದರೂ ಇಲ್ಲಿ ಒಂದು ಗಂಟೆ ಕೂರಬೇಕು.

ಊಟ ಮುಗಿಸಿ ಬಂದರಿನ ಕಿರುದಾರಿಗಳಲ್ಲಿ ನಡೆಯುತ್ತಿದ್ದಾಗ, ಕೆಡವುತ್ತಿದ್ದ ಹಳೆಯ ಮನೆಯೊಂದರ ಆವರಣದಲ್ಲಿ ಹಂಚುಗಳನ್ನು ಅಟ್ಟಿ ಹಾಕಿದ್ದರು. ಅಧ್ಯಾಪಕರು ಕೆಲಸದವರ ಅನುಮತಿ ಕೇಳಿ ಒಂದನ್ನು ಎತ್ತಿ ನನ್ನ ಕೈಗಿತ್ತು, “ಮಗುಚಿ ನೋಡಿ ಮಾರಾಯ್ರೆ” ಎಂದರು. ಒಳಮೈಯಲ್ಲಿ ಉಬ್ಬಕ್ಷರಗಳಿದ್ದವು: ಬಾಸೆಲ್ ಮಿಶನ್ ಟೈಲ್ ವರ್ಕ್ಸ್, 1865. ಅದು ಹಂಚು ಸುಟ್ಟ ವರ್ಷವಲ್ಲ, ಪ್ಲೆಬ್ಸ್ಟ್ ಎಂಬ ಜರ್ಮನ್ ಮಿಶನರಿ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಕಾರ್ಖಾನೆ ಆರಂಭಿಸಿದ ವರ್ಷ. ಅಂಚಿನ ಚಡಿಯೊಳಗೆ ಬೆರಳಾಡಿಸಿದೆ. ಒಂದು ಹಂಚಿನ ಚಡಿಯಲ್ಲಿ ಪಕ್ಕದ್ದರ ಏಣು ಕೂರುತ್ತದೆ, ಕೆಳಗಿನ ಗುಬುಟು ರೀಪಿಗೆ ಸಿಕ್ಕಿಕೊಳ್ಳುತ್ತದೆ. ಗಾಳಿಮಳೆಗೆ ಜಾರದಿರುವ ಗುಟ್ಟು ಇಷ್ಟೇ. ನೇತ್ರಾವತಿ, ಗುರುಪುರ ನದಿಗಳ ಬದಿಯ ಜೇಡಿಮಣ್ಣು ದೋಣಿಯಲ್ಲಿ ಬರುತ್ತಿತ್ತು. ಸುಟ್ಟ ಹಂಚು ಅದೇ ನೀರಿನ ದಾರಿಯಲ್ಲಿ ಸಿಲೋನ್, ಬರ್ಮಾ, ಪೂರ್ವ ಆಫ್ರಿಕಗಳಿಗೆ ಹೋಗುತ್ತಿತ್ತು. ಈಗ ಬಹುತೇಕ ಕಾರ್ಖಾನೆಗಳ ಚಿಮಣಿಗಳು ತಣ್ಣಗಾಗಿವೆ. ಇದನ್ನು ಹೇಳುವಾಗ ಅವರ ದನಿ ಇಳಿಯಿತು, ನನಗೂ ಸಂಕಟವಾಯಿತು.

ಅಮ್ಮ ಹಂಚನ್ನು ಮಡಿಲಿಗೆ ತೆಗೆದುಕೊಂಡು ಒರೆಸಿದರು. ತಾವು ಮದುವೆಯಾಗಿ ಬಂದಾಗ ಮನೆಯ ಮಾಡಿಗೆ ನಾಡಹಂಚಿದ್ದುದು, ಪ್ರತಿ ಬೇಸಿಗೆಯಲ್ಲಿ ಕೈಯಾಡಿಸಬೇಕಾಗಿದ್ದುದು, ಅಜ್ಜ ಅಡಿಕೆ ಮಾರಿದ ದುಡ್ಡಿನಲ್ಲಿ ಮಂಗಳೂರು ಹಂಚು ಹೊದಿಸಿದ ವರ್ಷ ಮಳೆಗಾಲದಲ್ಲಿ ಮೊದಲ ಬಾರಿ ಹಾಸಿಗೆ ಒದ್ದೆಯಾಗದೆ ಮಲಗಿದ್ದು, ಎಲ್ಲವನ್ನೂ ಗುರುತಿಲ್ಲದ ಹತ್ತು ಜನರ ಮುಂದೆ ಸಂಕೋಚವಿಲ್ಲದೆ ಹೇಳಿದರು. ನಾನು ಓದು ಕಲಿತ ಮನೆಯ ಮಾಡೂ, ಅನ್ನ ಕೊಡುವ ನಿಘಂಟೂ ಒಂದೇ ಊರಿನಿಂದ ಘಟ್ಟ ಹತ್ತಿ ಬಂದವೆಂಬುದು ಆಗ ಹೊಳೆಯಿತು.

ಸಂಜೆ ಸುಲ್ತಾನ್ ಬತ್ತೇರಿ. ಗುರುಪುರ ನದಿಯ ಮೂಲಕ ಯುದ್ಧನೌಕೆಗಳು ಒಳನುಗ್ಗದಂತೆ ಕಾಯಲು ಟಿಪ್ಪು 1784ರಲ್ಲಿ ಕಟ್ಟಿಸಿದ ಕಾವಲು ಬುರುಜಿದು. ಅಲ್ಲಿಂದ ದೋಣಿಯಲ್ಲಿ ತಣ್ಣೀರುಬಾವಿಗೆ ದಾಟಿ, ಸೂರ್ಯ ಮುಳುಗುವವರೆಗೆ ಮರಳಿನಲ್ಲಿ ಕುಳಿತೆವು.

ರಾತ್ರಿ ತಮ್ಮನಿಗೆ ಫೋನ್ ಮಾಡಿ, ಅಟ್ಟ ಹತ್ತಿ ಹಂಚಿನ ಒಳಮೈ ನೋಡಲು ಹೇಳಿದೆ. ಒಲೆಯ ಮೇಲಿನವು ಹೊಗೆ ಹಿಡಿದು ಕರ್ರಗಾಗಿವೆಯಂತೆ. ಜಗಲಿಯ ಕಡೆಯ ಒಂದನ್ನು ಒದ್ದೆ ಬಟ್ಟೆಯಿಂದ ಉಜ್ಜಿ, ಟಾರ್ಚ್ ಹಿಡಿದು ಅಕ್ಷರ ಕೂಡಿಸಿ ಓದಿದ. ಕಾರ್ಖಾನೆಯ ಹೆಸರು ಬೇರೆ. ಅದರ ಕೆಳಗೆ ಮಂಗಳೂರು ಎಂದಿದೆ.