ಎನ್‌ಸಿಸಿ ಕೋಣೆಯ ಗೋಡೆಯಲ್ಲಿದ್ದ ಅರ್ಜನ್ ಸಿಂಗ್

ಎನ್‌ಸಿಸಿಯ ಏರ್ ವಿಂಗ್ ಹುಡುಗರಾದ ನಮಗೆ, ವಾಯುಪಡೆಯ ಮುಖ್ಯಸ್ಥರಾಗಿದ್ದ ಅರ್ಜನ್ ಸಿಂಗ್ ಅಂದರೆ ಪಾಕಿಸ್ತಾನದ ಜೊತೆಗಿನ 1965ರ ಯುದ್ಧ, ಅಷ್ಟೇ. ಕಾಲೇಜಿನ ಎನ್‌ಸಿಸಿ ಕೋಣೆಯಲ್ಲಿ ಅವರ ಫೋಟೋ ಇತ್ತು. ಇತಿಹಾಸದ ಮೇಷ್ಟ್ರು ಆ ಸೆಪ್ಟೆಂಬರ್ 1ರ ಕಥೆ ತೆಗೆದರೆ, ಬೆಲ್ ಹೊಡೆದರೂ ಯಾರೂ ಏಳುತ್ತಿರಲಿಲ್ಲ. ಜಮ್ಮುವಿನ ಛಂಬ್ ಕಡೆಯಿಂದ ಪಾಕಿಸ್ತಾನದ ಟ್ಯಾಂಕುಗಳು ಅಖ್ನೂರಿನತ್ತ ನುಗ್ಗುತ್ತಿವೆ. ವಿಮಾನ ಕಳಿಸೋಕೆ ಎಷ್ಟು ಹೊತ್ತು ಬೇಕು ಅಂತ ರಕ್ಷಣಾ ಮಂತ್ರಿ ಚವಾಣ್ ಕೇಳುತ್ತಾರೆ. ಒಂದು ಗಂಟೆ ಅಂದರು ಅರ್ಜನ್ ಸಿಂಗ್. ಹೇಳಿದ ಹೊತ್ತಿನೊಳಗೇ ಪಠಾಣ್‌ಕೋಟ್‌ನಿಂದ ವಿಮಾನಗಳು ಮೇಲೆದ್ದವು. ಆ ಸಂಜೆ ನಾಲ್ಕು ವ್ಯಾಂಪೈರ್ ಯುದ್ಧವಿಮಾನ ಕಳೆದುಕೊಂಡೆವು ಅನ್ನುವುದನ್ನೂ ಮೇಷ್ಟ್ರು ಮುಚ್ಚಿಡುತ್ತಿರಲಿಲ್ಲ. ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೋಗಿ ಮರಳದ ನಮ್ಮ ಕೊಡಗಿನ ಅಜ್ಜಮಾಡ ದೇವಯ್ಯನವರ ಹೆಸರು ಬಂದಾಗಲಂತೂ ಅವರ ದನಿ ತಗ್ಗುತ್ತಿತ್ತು. ದೇವಯ್ಯನವರಿಗೆ ಮಹಾವೀರ ಚಕ್ರ ಸಿಕ್ಕಿದ್ದು 1988ರಲ್ಲಿ!

ಫೋಟೋದಲ್ಲಿದ್ದವರ ಮುಂದಿನ ಬದುಕನ್ನು ನಾನು ಓದಿಕೊಂಡದ್ದು ಕಾಲೇಜು ಬಿಟ್ಟ ಮೇಲೆ. ನನಗೆ ಈಗ ಅದೇ ಜಾಸ್ತಿ ಇಷ್ಟ. 45ನೇ ವಯಸ್ಸಿಗೆ ವಾಯುಪಡೆಯ ಮುಖ್ಯಸ್ಥ, 50ಕ್ಕೆ ನಿವೃತ್ತಿ. 1944ರಲ್ಲಿ ಇಂಫಾಲದ ಮೇಲೆ ಹರಿಕೇನ್ ಯುದ್ಧವಿಮಾನ ಹಾರಿಸಿದವರು, 1947ರ ಆಗಸ್ಟ್ 15ರಂದು ಕೆಂಪುಕೋಟೆಯ ಮೇಲೆ ನೂರಕ್ಕೂ ಹೆಚ್ಚು ವಿಮಾನಗಳನ್ನು ಮುನ್ನಡೆಸಿದವರು. ಅಂಥವರು ಸುಮ್ನೆ ಮನೆಯಲ್ಲಿ ಕೂರೋದು ಸಾಧ್ಯವೇ? 1971ರಲ್ಲಿ ಸ್ವಿಟ್ಜರ್ಲೆಂಡಿಗೆ ರಾಯಭಾರಿಯಾಗಿ ಹೋದರು, 1974ರಲ್ಲಿ ಕೀನ್ಯಾಕ್ಕೆ ಹೈಕಮಿಷನರ್ ಆಗಿ. 1989ರಲ್ಲಿ ದೆಹಲಿಯ ಲೆಫ್ಟಿನೆಂಟ್ ಗವರ್ನರ್ ಆದರು. ಚುನಾವಣೆಗೆ ನಿಲ್ಲಲಿಲ್ಲ. ದೇಶ ಕೊಟ್ಟ ಕುರ್ಚಿಯಲ್ಲಿ ಕೂತರು, ಅವಧಿ ಮುಗಿದಾಗ ಎದ್ದು ಬಂದರು. ಹಾಗೆ ಎದ್ದು ಬರುವುದು ಎಲ್ಲರಿಗೂ ಆಗುವ ಕೆಲಸವಲ್ಲ, ಅಲ್ವಾ?

2002ರಲ್ಲಿ ಅವರು ಮಾರ್ಷಲ್ ಆದರು. ವಾಯುಪಡೆಯಲ್ಲಿ ಐದು ನಕ್ಷತ್ರದ ಆ ಪದವಿ ಸಿಕ್ಕಿದ್ದು ಅವರೊಬ್ಬರಿಗೇ. 2015ರ ಜುಲೈನಲ್ಲಿ ಅಬ್ದುಲ್ ಕಲಾಂ ಅವರ ಪಾರ್ಥಿವ ಶರೀರ ಪಾಲಂಗೆ ಬಂದಾಗ, 96ರ ಈ ಹಿರಿಯರು ಗಾಲಿಕುರ್ಚಿಯಲ್ಲಿ ಬಂದಿದ್ದರು. ಹೂ ಇಡುವ ಹೊತ್ತಿಗೆ ಕುರ್ಚಿಯಿಂದ ಎದ್ದು, ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದರು. ಟೀವಿಯಲ್ಲಿ ಅದನ್ನು ನೋಡುತ್ತಾ ನಾನೂ ಎದ್ದು ನಿಂತೆ.

ಏರ್ ವಿಂಗ್‌ನ ಇಂದಿನ ಮಕ್ಕಳಿಗೆ ಇನ್ನೊಂದು ಸಂಗತಿ ತಿಳಿದಿರಲಿ. ದೆಹಲಿ ಹತ್ತಿರದ ತಮ್ಮ ಜಮೀನು ಮಾರಿ, 2 ಕೋಟಿ ರೂಪಾಯಿಯನ್ನು ವಾಯುಪಡೆಯ ನಿವೃತ್ತರ ನೆರವಿಗೆಂದು ಅವರು ಟ್ರಸ್ಟ್‌ಗೆ ಇಟ್ಟರು. ಮೇಷ್ಟ್ರಿಗೆ ಇದನ್ನು ನಾನೇ ಹೇಳಬೇಕಿತ್ತು. ಅಷ್ಟರಲ್ಲಿ ಅವರು ಇರಲಿಲ್ಲ.