ವೈಮೇಯಾ ಕಮರಿ ನೋಡಲು ಹೋಗುವವರು ಮೊದಲು ತುದಿಗೇ ಹೋಗಿ

ಹವಾಯಿಗೆ ಹೋಗಿ ಬಂದೆವು ಅಂದಾಗ ಬಸವನಗುಡಿಯ ನಮ್ಮ ಬೆಳಗಿನ ವಾಕಿಂಗ್ ಗೆಳತಿಯರು ಕೇಳಿದ್ದೆಲ್ಲ ಸಮುದ್ರದ ಬಗ್ಗೆ. ನಾನು ಹೇಳುತ್ತಿದ್ದದ್ದು ಮಾತ್ರ ಅಲ್ಲಿಯ ಕವಾಯಿ ದ್ವೀಪದಲ್ಲಿರುವ ವೈಮೇಯಾ ಅನ್ನುವ ಕಮರಿಯ ಬಗ್ಗೆ. ಅವರಲ್ಲಿ ಇಬ್ಬರು ಮುಂದಿನ ವರ್ಷ ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೊರಟಿದ್ದಾರೆ, ಅಲ್ಲಿಂದ ಕವಾಯಿ ದ್ವೀಪಕ್ಕೂ ಹೋಗಿಬರುವ ಆಸೆ ಇಟ್ಟುಕೊಂಡಿದ್ದಾರೆ. ಅವರಿಗೆ ಬಾಯಲ್ಲಿ ಹೇಳಿದ್ದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ. ನಮ್ಮ ಹಾಗೆ ಅರವತ್ತರ ಆಸುಪಾಸಿನವರು, ಒಬ್ಬರಿಗಾದರೂ ಮಂಡಿನೋವು ಇರುವವರು, ಸಸ್ಯಾಹಾರಿಗಳು, ಇಂಥವರಿಗೆ ಹೆಚ್ಚು ಉಪಯೋಗವಾಗಬಹುದು.

ಎಲ್ಲಕ್ಕಿಂತ ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಕಮರಿಯ ಅಂಚಿನಲ್ಲೇ ಹತ್ತಿಕೊಂಡು ಹೋಗುವ ರಸ್ತೆ ಒಂದೇ, ಹೋದ ದಾರಿಯಲ್ಲೇ ವಾಪಸ್ ಬರಬೇಕು. ಹತ್ತುವಾಗ ಎಲ್ಲೂ ನಿಲ್ಲಬೇಡಿ. ಬೆಳಿಗ್ಗೆ ಬೇಗ ಹೊರಟು ಸೀದಾ ಮೇಲಿನ ತುದಿಗೆ ಹೋಗಿ, ಅಲ್ಲಿ ನೋಡಿಕೊಂಡು, ಇಳಿಯುತ್ತಾ ಒಂದೊಂದೇ ಜಾಗದಲ್ಲಿ ನಿಲ್ಲಿ. ನಾವು ಮೊದಲ ದಿನ ಇದಕ್ಕೆ ಸರಿಯಾಗಿ ಉಲ್ಟಾ ಮಾಡಿದೆವು. ಹನ್ನೊಂದೂವರೆಗೆ ಮೊದಲ ವೀಕ್ಷಣಾ ಸ್ಥಳ ತಲುಪಿ, ಸಿಕ್ಕ ಸಿಕ್ಕಲ್ಲಿ ಫೋಟೊ ತೆಗೆದುಕೊಂಡು, ಎರಡು ಗಂಟೆ ದಾಟಿದ ಮೇಲೆ ಕಲಲಾವು ಅನ್ನುವ ಮೇಲಿನ ಜಾಗಕ್ಕೆ ಬಂದರೆ ಕಂಬಿಯಿಂದಾಚೆ ಬರೀ ಬಿಳಿ. ಕಣಿವೆಯೂ ಇಲ್ಲ, ಸಮುದ್ರವೂ ಇಲ್ಲ. ಒಂದು ಗಂಟೆ ಕಾದು ಹಾಗೇ ಇಳಿದೆವು. ಮಗಳ ಮುಖ ಸಪ್ಪಗಾಗಿತ್ತು. ಮರುದಿನ ಬೇರೆಡೆ ಹೋಗುವುದಿತ್ತು, ಅದನ್ನು ಬಿಟ್ಟು ಮತ್ತೆ ಇಲ್ಲಿಗೇ ಬಂದೆವು. ಪ್ರವೇಶದ ಹಣವನ್ನೂ ಎರಡನೇ ಸಲ ಕಟ್ಟಿದೆವು, ಅದರ ಬಗ್ಗೆ ನನಗೆ ಒಂದಿಷ್ಟೂ ಬೇಸರವಿಲ್ಲ.

ಮೋಡದ ಕಾರಣ ತಿಳಿದುಕೊಂಡರೆ ದಿನವನ್ನು ಹೇಗೆ ಹಂಚಿಕೊಳ್ಳಬೇಕು ಅನ್ನುವುದು ತಾನೇ ಹೊಳೆಯುತ್ತದೆ. ಈ ದ್ವೀಪಕ್ಕೆ ವರ್ಷದ ಹೆಚ್ಚು ಕಾಲ ಈಶಾನ್ಯದಿಂದ ಗಾಳಿ ಬೀಸುತ್ತದೆ. ನಡುವೆ ವೈಅಲೆಅಲೆ ಎಂಬ ಬೆಟ್ಟ, 5,148 ಅಡಿ. ಗಾಳಿ ಹೊತ್ತು ತಂದ ನೀರೆಲ್ಲ ಅದರ ನೆತ್ತಿಯ ಮೇಲೆ ಸುರಿದುಹೋಗುತ್ತದೆ, ವರ್ಷಕ್ಕೆ ಸುಮಾರು 10,000 ಮಿಲಿಮೀಟರ್. ನಮ್ಮ ಆಗುಂಬೆಗಿಂತಲೂ ಜಾಸ್ತಿ. ಅಲ್ಲಿಂದ ಪಡುವಣ ಕರಾವಳಿಗೆ ಇಳಿದರೆ ಒಣ ನೆಲ, ಕುರುಚಲು ಗಿಡ. ಆಗುಂಬೆಯ ಮಳೆಯನ್ನೂ ಚಿತ್ರದುರ್ಗದ ಬಯಲನ್ನೂ ಒಂದೇ ತಾಲ್ಲೂಕಿನಷ್ಟು ಜಾಗದಲ್ಲಿ ಇಟ್ಟ ಹಾಗೆ. ಕಮರಿ ಇರುವುದು ಈ ಎರಡರ ನಡುವೆ. ಬಿಸಿಲೇರಿದಂತೆ ಮೋಡ ಮೇಲಿನ ಅಂಚಿಗೆ ಬಂದು ಕೂರುತ್ತದೆ. ಹಾಗಾಗಿ ಬೆಳಗಿನ ಹೊತ್ತು ಮೇಲಿನ ತುದಿಗೆ. ಕೆಳಗಿನ ಕಮರಿಗೆ ಮಧ್ಯಾಹ್ನವೇ ಒಳ್ಳೆಯದು, ಅದಕ್ಕೆ ಇನ್ನೊಂದು ಕಾರಣವೂ ಇದೆ: ರಸ್ತೆ ಮತ್ತು ನೋಡುವ ಕಟ್ಟೆಗಳೆಲ್ಲ ಪಶ್ಚಿಮದ ಅಂಚಿನಲ್ಲಿವೆ. ಬೆಳಿಗ್ಗೆ ಅಲ್ಲಿ ನಿಂತರೆ ಸೂರ್ಯ ಕಣ್ಣಿಗೇ ಹೊಡೆಯುತ್ತಾನೆ, ಎದುರಿನ ಗೋಡೆ ಕಪ್ಪಗೆ ಕಾಣುತ್ತದೆ. ಮಧ್ಯಾಹ್ನದ ನಂತರ ಬಿಸಿಲು ನಮ್ಮ ಬೆನ್ನ ಹಿಂದಿನಿಂದ ಬಿದ್ದು ಎದುರಿನ ಕೆಂಪು, ಹಸಿರು, ಕಂದು ಎಲ್ಲವೂ ಎದ್ದು ಬರುತ್ತವೆ.

ಎರಡನೇ ದಿನ ಬೆಳಿಗ್ಗೆ ಎಂಟಕ್ಕೆ ನಾವು ಕಲಲಾವು ಕಟ್ಟೆಯಲ್ಲಿದ್ದೆವು. ಎತ್ತರ ಸುಮಾರು 4,000 ಅಡಿ, ನಂದಿಬೆಟ್ಟಕ್ಕಿಂತ ಸ್ವಲ್ಪ ಕಡಿಮೆ. ಚಳಿಯೂ ನಂದಿಬೆಟ್ಟದ ಬೆಳಗಿನದೇ. ಮೋಡ ಅಂದೂ ಇತ್ತು, ಆದರೆ ತೆಳ್ಳಗೆ. ಹತ್ತು ನಿಮಿಷ ಆಗಿರಬೇಕು, ಎಡಗಡೆಯಿಂದ ಒಂದು ಹಸಿರು ಏಣು ಕಾಣಿಸಿತು. ಇಸ್ತ್ರಿ ಮಾಡಿದ ನಿರಿಗೆಯ ಹಾಗೆ ಒಂದರ ಪಕ್ಕ ಒಂದು ಚೂಪಾದ ಗೋಡೆಗಳು. ಆಮೇಲೆ ಕೆಳಗಿನ ಕಣಿವೆ ತೆರೆದುಕೊಂಡಿತು, ಅದರ ಬಾಯಲ್ಲಿ ನೀಲಿ ಸಮುದ್ರ. ಇದು ನಾಪಲಿ ಕರಾವಳಿಯ ಮೇಲ್ಭಾಗ. ಹವಾಯಿ ಭಾಷೆಯಲ್ಲಿ ಪಲಿ ಅಂದರೆ ಕಡಿದಾದ ಬಂಡೆಗೋಡೆ. ಒಂದು ಬಿಳಿ ಹಕ್ಕಿ ನಮಗಿಂತ ಎಷ್ಟೋ ಕೆಳಗೆ ಹಾರುತ್ತಿತ್ತು, ಚೀಟಿಯ ಚೂರಿನಷ್ಟು. ನಮ್ಮವರು ಮಾತಾಡಲಿಲ್ಲ, ಕಂಬಿಯ ಮೇಲಿದ್ದ ನನ್ನ ಕೈ ಮೇಲೆ ಕೈ ಇಟ್ಟರು. ಅಲ್ಲಿದ್ದ ಅಪರಿಚಿತರೆಲ್ಲ ಒಬ್ಬರಿಗೊಬ್ಬರು ಜಾಗ ಬಿಟ್ಟುಕೊಟ್ಟು ಸುಮ್ಮನೆ ನಿಂತಿದ್ದರು. ಕಾಲು ಗಂಟೆಯಲ್ಲಿ ಮತ್ತೆ ಮುಚ್ಚಿಕೊಂಡಿತು. ಮುಚ್ಚಿದೆ ಅಂತ ಬೇಗ ಹೊರಡಬೇಡಿ, ಅದು ತೆರೆಯುತ್ತದೆ, ಮುಚ್ಚುತ್ತದೆ, ಮತ್ತೆ ತೆರೆಯುತ್ತದೆ.

ಇಳಿಯುವಾಗ ಪುವು ಹಿನಹಿನ ಅನ್ನುವ ಕಟ್ಟೆಯಲ್ಲಿ ನಿಲ್ಲಿ. ಅಲ್ಲಿಂದ ಒಂದು ಕಡೆ ಕಮರಿ, ಇನ್ನೊಂದು ಕಡೆ ಸಮುದ್ರದಾಚೆ ನೀಹಾವು ದ್ವೀಪ ಕಾಣುತ್ತದೆ. ಕೊನೆಗೆ ಮುಖ್ಯ ಕಟ್ಟೆಗೆ ಬನ್ನಿ. ಇದು ಹತ್ತನೇ ಮೈಲಿಗಲ್ಲು ದಾಟಿದ ಮೇಲೆ, ಸುಮಾರು 3,400 ಅಡಿ ಎತ್ತರದಲ್ಲಿದೆ. ಶೌಚಾಲಯ ಇದೆ, ನಡೆಯುವ ದೂರವೂ ಹೆಚ್ಚಿಲ್ಲ. ನಮ್ಮವರು ಮಂಡಿಗೆ ಪಟ್ಟಿ ಕಟ್ಟಿಕೊಂಡು ನಿಧಾನವಾಗಿ ಹತ್ತಿದರು.

ಕಮರಿಯ ಉದ್ದ ಸುಮಾರು 16 ಕಿಲೋಮೀಟರ್, ಆಳ ಕೆಲವೆಡೆ 3,000 ಅಡಿಗೂ ಮೀರಿ. ಬೆಂಗಳೂರು ಸಮುದ್ರ ಮಟ್ಟದಿಂದ ಇರುವ ಎತ್ತರ ಸುಮಾರು 3,000 ಅಡಿ. ಅಂದರೆ ನಮ್ಮ ಊರಿನಿಂದ ಸಮುದ್ರದವರೆಗಿನ ಇಳಿಜಾರನ್ನೆಲ್ಲ ಒಂದೇ ಗೋಡೆಯಾಗಿ ನಿಲ್ಲಿಸಿದ ಹಾಗೆ. ಗಂಡಿಕೋಟಕ್ಕೆ ಹೋಗಿ ಪೆನ್ನಾರ್ ನದಿಯ ಕಂದರ ನೋಡಿದವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಅದೇ ಅಳತೆ ಮನಸ್ಸಿನಲ್ಲಿಟ್ಟುಕೊಂಡು ಹೋದರೆ ಇಲ್ಲಿ ಕಣ್ಣಿಗೆ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಎದುರಿನ ಗೋಡೆಯಲ್ಲಿ ಬಿಳಿ ದಾರದಂತೆ ಇಳಿಯುತ್ತಿದ್ದದ್ದು ವೈಪೊವೊ ಜಲಪಾತ, 800 ಅಡಿ ಅಂತ ಅಳಿಯ ಹೇಳಿದಾಗ ನನಗೆ ನಂಬುವುದಕ್ಕೇ ಆಗಲಿಲ್ಲ. ನಮ್ಮ ಜೋಗದಷ್ಟೇ ಎತ್ತರದ್ದು ಅಲ್ಲಿ ದಾರವಾಗಿ ಕಾಣುತ್ತದೆ.

ಕವಾಯಿ ಸುಮಾರು 50 ಲಕ್ಷ ವರ್ಷದ ಹಿಂದೆ ಜ್ವಾಲಾಮುಖಿಯಿಂದ ಎದ್ದ ದ್ವೀಪ. ಆ ಬೆಟ್ಟದ ಒಂದು ಭಾಗ ಕುಸಿಯಿತು, ವೈಅಲೆಅಲೆಯ ಮಳೆನೀರು ಹೊತ್ತ ನದಿ ಕುಸಿದ ಜಾಡಿನಲ್ಲೇ ಕೊರೆಯುತ್ತಾ ಹೋಯಿತು. ಗೋಡೆಯಲ್ಲಿ ಕಾಣುವ ಅಡ್ಡಗೆರೆಗಳು ಒಂದರ ಮೇಲೊಂದು ಹರಿದ ಲಾವಾದ ಪದರಗಳು. ನಮ್ಮ ವಿಜಯಪುರದ ಕಡೆಯ ಕಪ್ಪು ಕಲ್ಲೂ ಲಾವಾದಿಂದ ಆದದ್ದೇ. ಇಲ್ಲಿ ಕಲ್ಲಿನೊಳಗಿನ ಕಬ್ಬಿಣ ತುಕ್ಕು ಹಿಡಿದು ಕೆಂಪಾಗಿದೆ. ವೈಮೇಯಾ ಅಂದರೆ ಕೆಂಪು ನೀರು. ಆ ಮಣ್ಣು ಬಟ್ಟೆಗೆ ಹತ್ತಿದರೆ ಬಿಡುವುದಿಲ್ಲ. ಅಲ್ಲಿಯವರು ಅದರಲ್ಲೇ ಬಣ್ಣ ಹಾಕಿದ ಅಂಗಿ ಮಾರುತ್ತಾರೆ. ನಮ್ಮವರ ಬಿಳಿ ಕಾಲುಚೀಲ ಮೂರು ಸಲ ನೆನೆಸಿ ತಿಕ್ಕಿದರೂ ಇವತ್ತಿಗೂ ಇಟ್ಟಿಗೆ ಬಣ್ಣದಲ್ಲೇ ಇದೆ. ಗಾಢ ಬಣ್ಣದ್ದು ಹಾಕಿಕೊಂಡು ಹೋಗಿ.

ಇನ್ನು ಹೋಗುವ ವಿಷಯ. ಹವಾಯಿ ಅಮೆರಿಕದ ರಾಜ್ಯ, ಬೇರೆ ವೀಸಾ ಬೇಡ. ನಮ್ಮದು ಸಾಮಾನ್ಯ ಪ್ರವಾಸಿ ವೀಸಾ, ಸಂದರ್ಶನಕ್ಕೆ ಚೆನ್ನೈಗೆ ಹೋಗಿದ್ದೆವು. ಬೆಂಗಳೂರಿನಿಂದ ಇಷ್ಟಕ್ಕೇ ಹೊರಡುವುದು ದೇಹಕ್ಕೂ ಕಷ್ಟ, ಹಣವೂ ಜಾಸ್ತಿ. ಮಕ್ಕಳ ಮನೆಯಲ್ಲಿ ಕೆಲವು ವಾರ ಇದ್ದು, ನಿದ್ದೆ ಸರಿಹೋದ ಮೇಲೆ ಅಲ್ಲಿಂದ ಹೊರಡಿ. ಸ್ಯಾನ್ ಫ್ರಾನ್ಸಿಸ್ಕೋದಿಂದ ಲಿಹೂಯೆ ನಿಲ್ದಾಣಕ್ಕೆ ನೇರ ವಿಮಾನದಲ್ಲಿ ಐದೂವರೆ ಗಂಟೆ ಹಿಡಿಯಿತು. ಅಲ್ಲಿಯ ಗಡಿಯಾರ ನಮಗಿಂತ ಹದಿನೈದೂವರೆ ಗಂಟೆ ಹಿಂದೆ. ನಮ್ಮ ಅಮ್ಮನಿಗೆ ದಿನಾ ಫೋನ್ ಮಾಡಬೇಕಿತ್ತು, ಅಲ್ಲಿ ಸಂಜೆ ಆರಕ್ಕೆ ಮಾಡಿದರೆ ಇಲ್ಲಿ ಮರುದಿನ ಬೆಳಿಗ್ಗೆ ಒಂಬತ್ತೂವರೆ, ಅವರ ಪೂಜೆ ಮುಗಿದಿರುತ್ತಿತ್ತು.

ಉಳಿದುಕೊಳ್ಳಲು ದ್ವೀಪದ ದಕ್ಷಿಣದ ಪೋಯಿಪು ಕಡೆ ನೋಡಿ. ಉತ್ತರದ ಕಡಲತೀರಗಳು ಬಹಳ ಚೆಂದ, ಆದರೆ ಅಲ್ಲಿಂದ ಕಮರಿಯ ತುದಿಗೆ ಎರಡು ಗಂಟೆಗೂ ಮೀರಿ ಕಾರಿನಲ್ಲಿ ಕೂರಬೇಕು. ನಮ್ಮ ಜಾಗದಿಂದ ಒಂದೂಕಾಲು ಗಂಟೆಯಲ್ಲಿ ಮುಟ್ಟಿದೆವು. ಕಾರು ಇಲ್ಲದೆ ಆಗುವುದಿಲ್ಲ, ಊರ ಬಸ್ಸು ಕರಾವಳಿಯಲ್ಲೇ ನಿಲ್ಲುತ್ತದೆ, ಬೆಟ್ಟ ಹತ್ತುವುದಿಲ್ಲ. ಓಡಿಸುವವರು ಇಲ್ಲದಿದ್ದರೆ ಪ್ರವಾಸಿ ವ್ಯಾನುಗಳಿವೆ. ಆದರೆ ಬುಕ್ ಮಾಡುವ ಮೊದಲು ಎಷ್ಟು ಹೊತ್ತಿಗೆ ಮೇಲಿನ ತುದಿ ಮುಟ್ಟಿಸುತ್ತೀರಿ ಅಂತ ಕೇಳಿ. ವೈಮೇಯಾ ಊರಿನಲ್ಲಿ ಪೆಟ್ರೋಲ್ ತುಂಬಿಸಿಕೊಳ್ಳಿ, ಮೇಲೆ ಬಂಕ್ ಇಲ್ಲ. ಮೊಬೈಲ್ ಸಿಗ್ನಲ್ಲೂ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ, ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಂಡಿರಿ. ರಸ್ತೆ ನಮ್ಮ ಘಾಟಿಗಳಷ್ಟು ಕಡಿದಲ್ಲ, ತಿರುವುಗಳು ಮಾತ್ರ ಸಾಕಷ್ಟು. ನನಗೆ ವಾಂತಿ ಬರುವ ಅಭ್ಯಾಸ, ಕೈಯಲ್ಲಿ ನಿಂಬೆಹಣ್ಣು ಹಿಡಿದೇ ಕೂತಿದ್ದೆ.

ಹೊರ ರಾಜ್ಯದವರಿಗೆ, ಹೊರ ದೇಶದವರಿಗೆ ಪ್ರವೇಶಕ್ಕೆ ತಲೆಗೆ 5 ಡಾಲರ್, ಕಾರು ನಿಲ್ಲಿಸಲು 10 ಡಾಲರ್ ಕೊಟ್ಟೆವು. ನಾಲ್ಕು ಜನಕ್ಕೆ 30 ಆಯಿತು. ಯಂತ್ರದಲ್ಲಿ ಕಾರ್ಡ್ ಹಾಕಿ ಕಟ್ಟಬೇಕು. ಬಂದ ಚೀಟಿಯನ್ನು ಕಾರಿನ ಮುಂದಿನ ಗಾಜಿನ ಹತ್ತಿರ ಇಡಿ, ಅದೇ ದಿನ ಮೇಲಿನ ಕೋಕೆಯೆ ಉದ್ಯಾನಕ್ಕೂ ಅದೇ ನಡೆಯುತ್ತದೆ. ಹೋಗುವ ಮುನ್ನ ಅಂದಿನ ದರ ಒಮ್ಮೆ ನೋಡಿಕೊಳ್ಳಿ.

ಊಟದ ಬಗ್ಗೆ ಚಿಂತೆ ಬೇಡ, ಆದರೆ ನಂಬಿಕೊಂಡು ಬರಿಗೈಯಲ್ಲೂ ಹೋಗಬೇಡಿ. ಕೋಕೆಯೆಯಲ್ಲಿ ಒಂದು ಹೋಟೆಲ್ ಇದೆ, ಅದರ ಪಕ್ಕದಲ್ಲೇ ಪುಟ್ಟ ವಸ್ತುಸಂಗ್ರಹಾಲಯ, ದಾರಿ ಕೇಳಲೂ ಒಳ್ಳೆಯ ಜಾಗ. ನಾವು ಹಿಂದಿನ ರಾತ್ರಿಯೇ ಚಪಾತಿ ಮಾಡಿಟ್ಟು, ಬೆಳಿಗ್ಗೆ ಗೊಜ್ಜವಲಕ್ಕಿ ಕಲಸಿ ಡಬ್ಬಿಗೆ ಹಾಕಿಕೊಂಡಿದ್ದೆವು. ಅಡುಗೆಮನೆ ಇರುವ ರೂಮು ತೆಗೆದುಕೊಂಡರೆ ಇದೊಂದು ದೊಡ್ಡ ಅನುಕೂಲ. ಅಲ್ಲಿಯ ಹುಲ್ಲುಗಾವಲಿನಲ್ಲಿ ಡಬ್ಬಿ ತೆರೆದ ಕೂಡಲೇ ಕೋಳಿಗಳು ಸುತ್ತ ನೆರೆದವು. ದ್ವೀಪದ ತುಂಬ ಯಾರಿಗೂ ಸೇರದ ಕೋಳಿಗಳು. 1992ರ ಇನಿಕಿ ಚಂಡಮಾರುತದಲ್ಲಿ ಗೂಡು ಒಡೆದು ಹೊರಬಂದವುಗಳ ಸಂತತಿಯೂ ಇದರಲ್ಲಿ ಸೇರಿದೆ ಅಂತ ಹೇಳುತ್ತಾರೆ. ಅವಕ್ಕೆ ತಿನ್ನಲು ಹಾಕಬೇಡಿ. ಕಾರು ತೆಗೆಯುವ ಮೊದಲು ಚಕ್ರದ ಹತ್ತಿರ ಬಗ್ಗಿ ನೋಡಿ, ನಮ್ಮ ಕಾರಿನ ನೆರಳಿನಲ್ಲಿ ಆರು ಮರಿಗಳನ್ನು ರೆಕ್ಕೆಯಡಿ ಇಟ್ಟುಕೊಂಡು ಒಂದು ತಾಯಿಕೋಳಿ ಕೂತಿತ್ತು.

ನಡೆಯುವ ಶಕ್ತಿ ಇದ್ದವರಿಗೆ ವೈಪೊವೊ ಜಲಪಾತದ ನೆತ್ತಿಗೆ ಹೋಗುವ ಕಾಲುದಾರಿ ಇದೆ, ಹೋಗಿಬರಲು ಐದಾರು ಕಿಲೋಮೀಟರ್. ಮಗಳು ಅಳಿಯ ಹೋಗಿಬಂದರು. ಮಳೆ ಬಿದ್ದಿದ್ದರೆ ಆ ಕೆಂಪು ಮಣ್ಣು ಸೋಪಿನ ಹಾಗೆ ಜಾರುತ್ತದೆ, ಆಗ ಬಿಟ್ಟುಬಿಡಿ. ದಾರಿಯ ಆರಂಭದಲ್ಲಿ ಶೂ ಉಜ್ಜುವ ಬ್ರಷ್ ಕಂಡರೆ ದಯವಿಟ್ಟು ಉಜ್ಜಿ. ಓಹಿಯ ಅನ್ನುವ ಅಲ್ಲಿಯ ಮರಗಳನ್ನು ಒಂದು ಶಿಲೀಂಧ್ರ ರೋಗ ಕೊಲ್ಲುತ್ತಿದೆ, ಅದು ಮಣ್ಣಿನ ಜೊತೆ ಶೂಗಂಟಿ ಹರಡಬಲ್ಲದು. ನಮ್ಮ ನೇರಳೆಯ ಕುಟುಂಬದ ಮರ ಅದು, ಕುಂಚದಂಥ ಕೆಂಪು ಹೂವು. ಕೋಕೆಯೆ ಕಾಡಿನಲ್ಲಿ ಸುಗಂಧಿ ಹೂವಿನ ಜಾತಿಯ ಹಳದಿ ಹೂವೂ ಕಾಣುತ್ತದೆ. ಅದು ಹಿಮಾಲಯದ ಕಡೆಯಿಂದ ಹೋದ ಗಿಡ, ಈಗ ಅಲ್ಲಿಯ ಸ್ಥಳೀಯ ಗಿಡಗಳನ್ನು ಒತ್ತರಿಸುತ್ತಿದೆ. ಪರಿಮಳ ನೋಡಿ ನನಗೆ ಖುಷಿಯಾಗಿತ್ತು, ವಿಷಯ ತಿಳಿದ ಮೇಲೆ ಸಂಕಟವಾಯಿತು.

ಸ್ವೆಟರ್, ಕೊಡೆಗಿಂತ ಮಳೆ ಕೋಟು, ಟೋಪಿ ಇರಲಿ. ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಇರುವ ಸನ್‌ಸ್ಕ್ರೀನ್‌ಗಳ ಮಾರಾಟವನ್ನು ಹವಳಕ್ಕೆ ಹಾನಿ ಅಂತ 2021ರಿಂದ ಹವಾಯಿಯಲ್ಲಿ ನಿಲ್ಲಿಸಿದ್ದಾರೆ. ಇಲ್ಲಿಂದ ಕೊಂಡುಹೋಗುವಾಗ ಡಬ್ಬಿಯ ಮೇಲೆ ಓದಿ.

ಬೆಂಗಳೂರಿನವರು ಬಿಡಲೇಬಾರದ ಇನ್ನೊಂದು ಜಾಗ ದ್ವೀಪದ ಪೂರ್ವಕ್ಕೆ ವೈಲುವಾ ನದಿಯ ಹತ್ತಿರ ಇದೆ, ಇರೈವನ್ ಶಿವ ದೇವಾಲಯ. ಇಡೀ ಗುಡಿಯ ಬಿಳಿ ಗ್ರಾನೈಟ್ ಕಲ್ಲುಗಳನ್ನು ನಮ್ಮ ಬೆಂಗಳೂರಿನ ಹತ್ತಿರವೇ ಶಿಲ್ಪಿಗಳು ಉಳಿ ಸುತ್ತಿಗೆಯಲ್ಲಿ ಕೆತ್ತಿ, ಹಡಗಿನಲ್ಲಿ ಕಳಿಸಿ, ಅಲ್ಲಿ ಜೋಡಿಸಿದ್ದು. ದಶಕಗಳ ಕೆಲಸ, 2023ರಲ್ಲಿ ಪ್ರತಿಷ್ಠೆಯಾಯಿತು. ಒಂದು ಕಂಬಕ್ಕೆ ಕೈಮುಟ್ಟಿ ನಮ್ಮವರು, "ಇದು ನಮ್ಮ ಕಡೆಯ ಕೈಕೆಲಸ ಕಣೇ" ಅಂದರು. ಗಂಟಲು ಕಟ್ಟಿತ್ತು ಅವರಿಗೆ. ಬೆಳಗಿನ ಕೆಲವು ಗಂಟೆ ಮಾತ್ರ ಬಿಡುತ್ತಾರೆ, ಕಾರು ನಿಲ್ಲಿಸಲು ಮೊದಲೇ ಕಾದಿರಿಸಬೇಕು. ಕಮರಿಯ ದಿನವೇ ಇದನ್ನು ಸೇರಿಸಬೇಡಿ, ಎರಡಕ್ಕೂ ಬೆಳಿಗ್ಗೆಯೇ ಬೇಕು.

ಮರಳುವಾಗ ಲಿಹೂಯೆ ನಿಲ್ದಾಣದಲ್ಲಿ ಎಲ್ಲ ಸಾಮಾನನ್ನೂ ಕೃಷಿ ತಪಾಸಣೆಗೆ ಹಾಕುತ್ತಾರೆ, ಅದಕ್ಕೊಂದು ಅರ್ಧ ಗಂಟೆ ಹೆಚ್ಚಿಟ್ಟುಕೊಳ್ಳಿ. ಅನಾನಸ್, ತೆಂಗಿನಕಾಯಿ ತರಬಹುದು. ಮಾವಿನಹಣ್ಣು ಬಿಡುವುದಿಲ್ಲ, ಮಣ್ಣನ್ನೂ ಬಿಡುವುದಿಲ್ಲ, ಹಾಗಾಗಿ ಹಿಂದಿನ ರಾತ್ರಿಯೇ ಶೂಗಳನ್ನು ಚೆನ್ನಾಗಿ ತೊಳೆದು ಒಣಗಿಸಿಟ್ಟುಕೊಳ್ಳಿ.